ಅಪಾತ್ರರು ಯಾರು?

ಮರಾಠಿ ಕಚೇರಿಯ ಕಾಗದದಲ್ಲಿ ‘ಅಪಾತ್ರ’ ಎಂದು ಬರೆದಿದ್ದರೆ ಅದಕ್ಕೆ ಇಷ್ಟೇ ಅರ್ಥ: ಅರ್ಜಿದಾರನು ನಿಯಮಕ್ಕೆ ಹೊಂದುವುದಿಲ್ಲ. ಕನ್ನಡದ ಕಿವಿಗೆ ಆ ಮಾತು ಹಾಗೆ ಕೇಳಿಸುವುದಿಲ್ಲ. ಅಪಾತ್ರದಾನವೆಂದರೆ ಯೋಗ್ಯತೆಯಿಲ್ಲದವನಿಗೆ ಕೊಟ್ಟ ದಾನ, ಕೊಟ್ಟವನಿಗೂ ಅದರಿಂದ ಪಾಪ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ನಡೆಯಲಾರದ, ಮಾತು ಬಾರದ ಒಂಬತ್ತು ವರ್ಷದ ಮಗುವಿನ ಹೆಸರಿನ ಮುಂದೆ ಆ ಶಬ್ದವನ್ನು ಓದಿಸಿಕೊಂಡ ದೋಸೆಭಟ್ಟರೊಬ್ಬರು “ನನ್ನ ಮಗು ಯಾರಿಗೆ ಏನು ಮಾಡಿತು?” ಎಂದು ಸಂಘದ ಕಚೇರಿಯಲ್ಲಿ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ.

ಅವರೊಬ್ಬರದೇ ಕಥೆ ಇದಲ್ಲ. ಪುಣೆಯ ಹೋಟೆಲುಗಳಲ್ಲಿ ದುಡಿಯುವ ನಮ್ಮವರಲ್ಲಿ, ಗಿರಣಿಗಳಲ್ಲಿ ದುಡಿದು ಅವು ಮುಚ್ಚಿದ ಮೇಲೆ ಸಿಕ್ಕ ಕೆಲಸ ಹಿಡಿದವರ ಮನೆಗಳಲ್ಲಿ, ಹಾಸಿಗೆ ಬಿಟ್ಟು ಏಳದ ಮಕ್ಕಳಿದ್ದಾರೆ. ಆ ಮಕ್ಕಳ ಹೆಸರಿನಲ್ಲಿ ಸರಕಾರದ ಅನುದಾನಕ್ಕೆ ಅರ್ಜಿ ಹಾಕಿ, ಇಲ್ಲವೆನಿಸಿಕೊಂಡು, ಆ ಕಾಗದವನ್ನು ಮಡಚಿ ದೇವರ ಪಟದ ಹಿಂದೆ ಸಿಕ್ಕಿಸಿ ಸುಮ್ಮನಾದವರಿದ್ದಾರೆ. ಈ ಮಾತುಗಳು ಅವರಿಗಾಗಿ. ಕಚೇರಿ ಇಲ್ಲವೆಂದದ್ದೆಲ್ಲ ಒಂದೇ ಜಾತಿಯದಲ್ಲ. ಕೆಲವು ನಿರಾಕರಣೆಗಳನ್ನು ಒಂದು ಕಾಗದ ಸರಿಪಡಿಸಿದರೆ ತಿರುಗಿಸಬಹುದು. ಕೆಲವನ್ನು ಅಪೀಲಿನಿಂದ ತಿರುಗಿಸಬಹುದು. ಇನ್ನು ಕೆಲವನ್ನು ಒಬ್ಬ ತಂದೆ ಎಷ್ಟು ಅಲೆದರೂ ತಿರುಗಿಸಲಾರ. ಅವಕ್ಕೆ ನಿಯಮವೇ ಬದಲಾಗಬೇಕು, ಅದು ಸಂಘದ ಕೆಲಸ. ಯಾವುದು ಯಾವುದೆಂದು ತಿಳಿಯದೆ ಕೈಚೆಲ್ಲುವುದರಿಂದ ನಮಗೆ ನಷ್ಟವಾಗುತ್ತಿದೆ.

ಇಂಥ ಮಗುವಿರುವ ಮನೆಯಲ್ಲಿ ಒಂದು ದಿನ ಹೇಗೆ ಸಾಗುತ್ತದೆಂಬುದನ್ನು ಕಂಡವರೇ ಬಲ್ಲರು. ಸೆರೆಬ್ರಲ್ ಪಾಲ್ಸಿ ಎಂದು ವೈದ್ಯರು ಹೇಳುವ ಸ್ಥಿತಿಯನ್ನೇ ತೆಗೆದುಕೊಳ್ಳಿ. ಹುಟ್ಟುವ ಮೊದಲೋ, ಹುಟ್ಟುವಾಗಲೋ, ಹುಟ್ಟಿದ ಹೊಸತರಲ್ಲೋ ಮೆದುಳಿಗೆ ಪೆಟ್ಟಾಗಿ ಮೈಯ ಸ್ನಾಯುಗಳು ಹಿಡಿತಕ್ಕೆ ಬರುವುದಿಲ್ಲ. ಬುದ್ಧಿ ಚುರುಕಾಗಿದ್ದರೂ ಕೈ ಏಳದು, ಕತ್ತು ನಿಲ್ಲದು. ಗಂಜಿಯನ್ನು ಚಮಚದಿಂದ ಚೂರುಚೂರೇ ಕುಡಿಸಬೇಕು. ಅವಸರ ಮಾಡಿದರೆ ನೆತ್ತಿಗೆ ಹತ್ತುತ್ತದೆ. ಒಂದು ಹೊತ್ತಿನ ಊಟಕ್ಕೆ ಒಂದು ತಾಸು. ಮೈ ತೊಳೆಯುವುದು, ಬಟ್ಟೆ ಬದಲಿಸುವುದು, ಕೈಕಾಲು ಸೆಟೆಯದಂತೆ ಮಾಲೀಸು ಮಾಡುವುದು, ರಾತ್ರಿ ಎದ್ದೆದ್ದು ಮಗ್ಗುಲು ಬದಲಿಸುವುದು. ಮಗು ಬೆಳೆದಂತೆ ತೂಕ ಏರುತ್ತದೆ, ಎತ್ತುವ ತಾಯಿಯ ಬೆನ್ನು ಬಾಗುತ್ತದೆ. ಹೋಟೆಲಿನಲ್ಲಿ ಎರಡು ಪಾಳಿಗೆ ಇಬ್ಬರು ಮಾಣಿಗಳು ಬೇಕು. ಇಲ್ಲಿ ಮೂರು ಪಾಳಿಗೂ ತಾಯಿ ಒಬ್ಬಳೇ, ವಾರದ ರಜೆಯೂ ಇಲ್ಲ. ನಾಲ್ಕು ಮನೆಯ ಅಡುಗೆ ಕೆಲಸವನ್ನೋ ಹಪ್ಪಳ ಲಟ್ಟಿಸುವುದನ್ನೋ ಮಾಡಿ ಅವಳು ತರುತ್ತಿದ್ದ ದುಡ್ಡು ಮಗುವಿನ ಕಾಯಿಲೆ ತಿಳಿದ ದಿನವೇ ನಿಂತುಹೋಗುತ್ತದೆ. ಖರ್ಚು ಏರಿತು, ಆದಾಯ ಅರ್ಧವಾಯಿತು. ಪಗಾರ ಮಾತ್ರ ಮೊದಲಿನದೇ.

“ಹೆತ್ತ ತಾಯಿ ಮಗುವನ್ನು ನೋಡಿಕೊಳ್ಳುವುದಕ್ಕೂ ಸರಕಾರ ದುಡ್ಡು ಕೊಡಬೇಕೇನಯ್ಯಾ?” ಎಂದು ಕೇಳುವವರು ಹೊರಗಿನವರಲ್ಲಷ್ಟೇ ಅಲ್ಲ, ನಮ್ಮವರಲ್ಲೂ ಇದ್ದಾರೆ. ಪ್ರೀತಿಗೆ ಯಾರೂ ಬೆಲೆ ಕೇಳುತ್ತಿಲ್ಲ. ಆದರೆ ಹೊತ್ತಿಗೆ ಬೆಲೆಯುಂಟೆಂದು ಸರಕಾರವೇ ತನ್ನ ನೌಕರರ ವಿಷಯದಲ್ಲಿ ಒಪ್ಪಿಕೊಂಡಿದೆ. ಕೇಂದ್ರ ಸರಕಾರದ ನೌಕರಿಯಲ್ಲಿರುವ ಮಹಿಳೆಗೆ ಮಕ್ಕಳ ಪಾಲನೆಗಾಗಿ ಸೇವಾವಧಿಯಲ್ಲಿ ಒಟ್ಟು 730 ದಿನಗಳ ರಜೆಯ ಅವಕಾಶವಿದೆ. ಹಿಮಾಚಲ ಪ್ರದೇಶದ ಸರಕಾರಿ ಕಾಲೇಜಿನ ಅಧ್ಯಾಪಕಿಯೊಬ್ಬರಿಗೆ ಅಂಗವಿಕಲ ಮಗನ ಆರೈಕೆಗೆ ಅಂಥ ರಜೆ ಸಿಗದೆ ಹೋದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. ಅಂಗವಿಕಲ ಮಗುವಿನ ತಾಯಿಗೆ ಪಾಲನೆಯ ರಜೆ ನಿರಾಕರಿಸುವುದು ಸಂವಿಧಾನದ ಕರ್ತವ್ಯಕ್ಕೆ ವಿರುದ್ಧವೆಂದು ನ್ಯಾಯಾಲಯ 2024ರ ಏಪ್ರಿಲ್‌ನಲ್ಲಿ ಹೇಳಿತು. ಒಳ್ಳೆಯ ಮಾತು. ಆದರೆ ಹೋಟೆಲಿನ ಮೋರಿಯಲ್ಲಿ ಪಾತ್ರೆ ತಿಕ್ಕುವವನ ಹೆಂಡತಿಗೆ ರಜೆ ಕೊಡುವವರು ಯಾರು? ಅವಳಿಗೆ ಸಂಬಳದ ರಜೆಯಿಲ್ಲ; ಕೈಗೆ ಬರುವ ಅನುದಾನವೇ ಅವಳ ರಜೆ.

ಕಾನೂನಿನಲ್ಲಿ ಇದರ ಹೆಸರೂ ಇದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ 2016ರಲ್ಲಿ ಪಾಸಾಗಿ 2017ರ ಏಪ್ರಿಲ್ 19ರಿಂದ ಜಾರಿಗೆ ಬಂತು. ಅದರ 24ನೆಯ ಕಲಮಿನಲ್ಲಿ ಸಾಮಾಜಿಕ ಭದ್ರತೆಯ ಮಾತಿದೆ. ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆಗಾರರ ಭತ್ಯೆ ಇರಬೇಕೆಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಬೇರೆಯವರಿಗೆ ಕೊಡುವ ಅಂಥದೇ ಸಹಾಯಕ್ಕಿಂತ ಅಂಗವಿಕಲರಿಗೆ ಕೊಡುವುದು ಕಡಮೆಯೆಂದರೆ ಶೇಕಡಾ 25ರಷ್ಟು ಹೆಚ್ಚಾಗಿರಬೇಕೆಂದೂ ಇದೆ. ಜೊತೆಗೆ ಸರಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂಬ ಮಾತನ್ನೂ ಸೇರಿಸಿದ್ದಾರೆ. ಬಾಗಿಲು ತೆರೆದು ಸರಪಳಿ ಹಾಕಿದಂತೆ! ಆ ಸರಪಳಿಯ ಉದ್ದ ಎಷ್ಟೆಂಬುದನ್ನು ಪ್ರತಿ ರಾಜ್ಯ ತನಗೆ ತೋಚಿದಂತೆ ಗೊತ್ತುಮಾಡಿಕೊಂಡಿದೆ.

ಮಹಾರಾಷ್ಟ್ರದಲ್ಲಿ ನಮ್ಮವರು ಹೆಚ್ಚಾಗಿ ಅರ್ಜಿ ಹಾಕುವುದು 1980ರಲ್ಲಿ ಆರಂಭವಾದ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆಗೆ. ನಿರಾಧಾರರಿಗೆ ತಿಂಗಳಿಗೆ 1500 ರೂಪಾಯಿ. ಅಂಗವಿಕಲರಿಗೂ ಬಹುಕಾಲ ಅಷ್ಟೇ ಇತ್ತು, ಶೇಕಡಾ 25 ಹೆಚ್ಚಿರಬೇಕೆಂಬ ಮಾತು ಕಾಯಿದೆಯ ಪುಸ್ತಕದಲ್ಲೇ ಉಳಿದಿತ್ತು. 2025ರಲ್ಲಿ ರಾಜ್ಯ ಸರಕಾರ ಅಂಗವಿಕಲರ ಮೊತ್ತವನ್ನು 2500ಕ್ಕೆ ಏರಿಸಿತು. ಕೇಂದ್ರ ಸರಕಾರದ ಇಂದಿರಾ ಗಾಂಧಿ ಹೆಸರಿನ ಅಂಗವಿಕಲ ಪಿಂಚಣಿಯನ್ನು ನಂಬಿ ಕೂರುವಂತಿಲ್ಲ. ಅದು 18 ವರ್ಷ ತುಂಬಿದ, ಶೇಕಡಾ 80ಕ್ಕೂ ಮೇಲ್ಪಟ್ಟ ಊನವಿರುವ, ಬಡತನದ ರೇಖೆಯ ಕೆಳಗಿನವರಿಗೆ ಮಾತ್ರ, ಅದೂ 300 ರೂಪಾಯಿ. ಮಗು ಎಂಬ ಕಾರಣಕ್ಕೇ ಮಗು ಅದರಿಂದ ಹೊರಗೆ.

2500 ಸಣ್ಣ ಮೊತ್ತವಲ್ಲ. ಡಯಾಪರಿಗೂ ಔಷಧಿಗೂ ಆದೀತು. ಆದರೆ ಅದನ್ನು ಮುಟ್ಟುವ ದಾರಿಯಲ್ಲಿ ಆದಾಯದ ಗೋಡೆಯಿದೆ. ಅಂಗವಿಕಲ ಅರ್ಜಿದಾರರ ಕುಟುಂಬಕ್ಕೆ ವರ್ಷಕ್ಕೆ 50,000 ರೂಪಾಯಿ ಮಿತಿ. ಉಳಿದ ನಿರಾಧಾರರಿಗೆ 21,000. ಐವತ್ತು ಸಾವಿರವನ್ನು ಹನ್ನೆರಡು ತಿಂಗಳಿಗೆ ಹಂಚಿದರೆ 4166 ರೂಪಾಯಿ ಆಗುತ್ತದೆ. ಪುಣೆಯಲ್ಲಿ ನಿನ್ನೆ ಊರಿಂದ ಬಂದು ಮೇಜು ಒರೆಸುವ ಹುಡುಗನಿಗೂ ಇದಕ್ಕಿಂತ ಹೆಚ್ಚು ಪಗಾರವಿದೆ. ನಿಯಮದಂತೆ ಪಗಾರ ಪಡೆಯುವ ಯಾವ ಕೆಲಸಗಾರನೂ ಈ ಮಿತಿಯೊಳಗೆ ಹಿಡಿಸಲಾರ. ಇದೇ ದೇಶದಲ್ಲಿ ಇಎಸ್‌ಐ ವಿಮೆಗೆ 2017ರಿಂದ ಇಟ್ಟಿರುವ ಮಿತಿ ತಿಂಗಳಿಗೆ 21,000. ಒಂದು ಸರಕಾರಿ ಕಾಗದದ ಪ್ರಕಾರ ತಿಂಗಳಿಗೆ ಇಪ್ಪತ್ತೊಂದು ಸಾವಿರ ದುಡಿಯುವವನಿಗೂ ಆಸರೆ ಬೇಕು. ಇನ್ನೊಂದರ ಪ್ರಕಾರ ತಿಂಗಳಿಗೆ ಐದು ಸಾವಿರ ದುಡಿದವನೂ ಅನುಕೂಲಸ್ಥ. ಇದೆಂಥ ಲೆಕ್ಕ?

ಈ ಗೋಡೆಗೆ ಏಣಿ ಹಾಕುವ ಏಜೆಂಟರೂ ಇದ್ದಾರೆ. ಇಷ್ಟು ಕೊಟ್ಟರೆ ವರ್ಷಕ್ಕೆ ನಲವತ್ತು ಸಾವಿರದ ಆದಾಯ ದಾಖಲೆ ಮಾಡಿಸಿ ಕೊಡುತ್ತೇನೆ ಎನ್ನುತ್ತಾರೆ. ಈ ಪತ್ರಿಕೆ ಸ್ಪಷ್ಟವಾಗಿ ಹೇಳುತ್ತದೆ, ಆ ದಾರಿ ಹಿಡಿಯಬೇಡಿ. ನಿಮ್ಮ ಪ್ರಾವಿಡೆಂಟ್ ಫಂಡು, ಇಎಸ್‌ಐ, ಬ್ಯಾಂಕಿನ ಖಾತೆ ಮೂರೂ ನಿಮ್ಮ ಪಗಾರವನ್ನು ಹೇಳುತ್ತಿರುವಾಗ ಸುಳ್ಳು ದಾಖಲೆ ಎಂದಾದರೂ ಸಿಕ್ಕಿಬೀಳುತ್ತದೆ. ಆಗ ಅನುದಾನವೂ ಹೋಗಿ, ಪಡೆದದ್ದನ್ನು ಹಿಂದಿರುಗಿಸುವ ನೋಟೀಸು ಬಂದು, ಮುಂದಿನ ಅರ್ಜಿಯ ಮೇಲೂ ಕಪ್ಪು ಬೀಳುತ್ತದೆ. ಆದರೆ ಬೈಯುವುದಾದರೆ ತಂದೆಯನ್ನೊಬ್ಬನನ್ನೇ ಬೈಯಬಾರದು. ನಿಜ ಹೇಳಿದರೆ ಮಗುವಿಗೆ ಏನೂ ಇಲ್ಲ, ಸುಳ್ಳು ಹೇಳಿದರೆ 2500 ರೂಪಾಯಿ ಎಂಬ ನಿಯಮ ಮಾಡಿದವರು ಅವನನ್ನು ಸುಳ್ಳಿನ ಬಾಗಿಲಿಗೆ ತಂದು ನಿಲ್ಲಿಸಿದ್ದಾರೆ. ನಿಮ್ಮ ಆದಾಯ ನಿಜವಾಗಿಯೂ ಮಿತಿಗಿಂತ ಹೆಚ್ಚಿದ್ದರೆ ಅಪೀಲು ಗೆಲ್ಲುವುದು ಕಷ್ಟವೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಅಲ್ಲಿ ಬೀಳಬೇಕಾದ್ದು 50,000ದ ಗೋಡೆಯೇ.

ಎರಡನೆಯ ತೊಡಕು ವಾಸದ್ದು. ಈ ಯೋಜನೆಗೆ ಮಹಾರಾಷ್ಟ್ರದಲ್ಲಿ 15 ವರ್ಷ ವಾಸವಾಗಿರಬೇಕು. ನಮ್ಮಲ್ಲಿ ಇಪ್ಪತ್ತು, ಇಪ್ಪತ್ತೈದು ವರ್ಷ ಪುಣೆಯಲ್ಲಿದ್ದವರು ಬೇಕಾದಷ್ಟು ಮಂದಿ. ಕಾಗದದಲ್ಲಿ ಮಾತ್ರ ಅವರು ಇಲ್ಲಿ ಇಲ್ಲವೇ ಇಲ್ಲ. ಮೊದಲ ಹತ್ತು ವರ್ಷ ಹೋಟೆಲಿನ ಅಟ್ಟದಲ್ಲಿ ಮಲಗಿದವನಿಗೆ ಬಾಡಿಗೆ ಚೀಟಿ ಎಲ್ಲಿಂದ ಬರಬೇಕು? ರೇಷನ್ ಕಾರ್ಡು ಕುಂದಾಪುರದಲ್ಲಿ, ಓಟು ಕಾರ್ಕಳದಲ್ಲಿ, ಬೆವರು ಮಾತ್ರ ಪುಣೆಯಲ್ಲಿ. ಊರಿನಲ್ಲಿ ಅರ್ಜಿ ಹಾಕಿದರೆ ‘ನೀವು ಇಲ್ಲಿ ವಾಸವಿಲ್ಲ’ ಎನ್ನುತ್ತಾರೆ. ಇಲ್ಲಿ ಹಾಕಿದರೆ ‘ನೀವು ಇಲ್ಲಿಯವರಲ್ಲ’ ಎನ್ನುತ್ತಾರೆ. ಆದರೆ ಈ ತೊಡಕು ಆದಾಯದ ಗೋಡೆಯಂಥದಲ್ಲ, ಸಾಕ್ಷ್ಯ ಒದಗಿಸಿದರೆ ಬಿಡಿಸಬಹುದು. ಹಳೆಯ ಪಿ.ಎಫ್. ಪುಸ್ತಕ, ಇಎಸ್‌ಐ ಕಾರ್ಡು, ಮಗುವಿನ ಜನನ ದಾಖಲೆ, ದೊಡ್ಡ ಮಕ್ಕಳ ಶಾಲೆಯ ದಾಖಲೆ, ಆಸ್ಪತ್ರೆಯ ಹಳೆಯ ಚೀಟಿ, ಗ್ಯಾಸಿನ ಪುಸ್ತಕ, ಹಳೆಯ ಬ್ಯಾಂಕ್ ಪಾಸ್‌ಬುಕ್ಕು, ವರ್ಷ ನಮೂದಾದ ಪ್ರತಿಯೊಂದು ಚೂರೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಹೋಟೆಲು ಮಾಲಕರಿಗೂ ಒಂದು ಮಾತು. ಅವರಲ್ಲಿ ಅನೇಕರು ನಮ್ಮ ಊರಿನವರೇ, ನಮ್ಮಂತೆಯೇ ಬರಿಗೈಯಲ್ಲಿ ಬಂದವರು. ‘ಈತ ಇಂಥ ವರ್ಷದಿಂದ ನಮ್ಮಲ್ಲಿ ಕೆಲಸಕ್ಕಿದ್ದಾನೆ’ ಎಂದು ಒಂದು ಕಾಗದ ಬರೆದುಕೊಡಲು ಅವರಿಗೆ ಕಾಸೂ ಖರ್ಚಿಲ್ಲ. ಬರೆದುಕೊಟ್ಟರೆ ಎಲ್ಲಿ ಹಳೆಯ ಬಾಕಿ ಕೇಳುತ್ತಾನೋ ಎಂಬ ಅಂಜಿಕೆಯೊಂದನ್ನು ಅವರು ಬಿಡಬೇಕು.

ಊರಿನಲ್ಲೇ ಹೆಂಡತಿ ಮಕ್ಕಳನ್ನು ಬಿಟ್ಟು ಬಂದವರು ಅಲ್ಲಿಯ ಸಂಗತಿಯನ್ನೂ ತಿಳಿದಿರಬೇಕು. ಕರ್ನಾಟಕ ಸರಕಾರ ತನ್ನ 2024-25ರ ಬಜೆಟ್ಟಿನಲ್ಲಿ ಆರೈಕೆ ಮಾಡುವವರಿಗೇ ತಿಂಗಳಿಗೆ 1000 ರೂಪಾಯಿ ಕೊಡುವುದಾಗಿ ಸಾರಿತು. ಸೆರೆಬ್ರಲ್ ಪಾಲ್ಸಿ, ಸ್ನಾಯು ಸವೆಯುವ ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಹೀಗೆ ನಾಲ್ಕು ಕಾಯಿಲೆಗಳ ಹೆಸರು ಹೇಳಿತು. ಕೇರಳದಲ್ಲಿ 2010ರಿಂದ ‘ಆಶ್ವಾಸಕಿರಣ’ ಎಂಬ ಯೋಜನೆಯಿದೆ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ 600 ರೂಪಾಯಿ. ಮೊತ್ತ ಸಣ್ಣದಾದರೂ ಆರೈಕೆಯೂ ಒಂದು ಕೆಲಸ ಎಂದು ಒಪ್ಪಿದ್ದು ಸಣ್ಣದಲ್ಲ. ಆದರೆ ಕಾಯಿಲೆಯ ಹೆಸರಿನ ಪಟ್ಟಿ ಮಾಡಿದೊಡನೆ ಪಟ್ಟಿಯ ಹೊರಗೊಂದು ಸಾಲು ಹುಟ್ಟುತ್ತದೆ. ತೀವ್ರ ಬುದ್ಧಿಮಾಂದ್ಯವಿರುವ ಮಗುವನ್ನು ಇಡೀ ದಿನ ಕಣ್ಣಿಟ್ಟು ಕಾಯುವ ತಾಯಿ ಆ ನಾಲ್ಕು ಹೆಸರಿನಲ್ಲಿಲ್ಲ. ಅವಳ ಕೆಲಸ ಕಡಮೆಯೇ?

ಅಮೇರಿಕದಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಬ್ರಯನ್ ಜೆಬ್ಲಿ ಎಂಬ ಹುಡುಗನಿಗೆ ಹುಟ್ಟಿನಿಂದ ಮೆದುಳಿನ ತೊಂದರೆ, ದೃಷ್ಟಿದೋಷ, ದೇಹದ ಒಂದು ಬದಿಯಲ್ಲಿ ಬಲವಿಲ್ಲ. ಆದರೂ ಸರಕಾರದ ರೋಗಗಳ ಪಟ್ಟಿಗೆ ಸರಿಯಾಗಿ ಹೊಂದುವುದಿಲ್ಲವೆಂದು ಭತ್ಯೆ ನಿರಾಕರಿಸಿದರು. ದೊಡ್ಡವರಿಗಾದರೆ ಪಟ್ಟಿಯಲ್ಲಿಲ್ಲದಿದ್ದರೂ ‘ನೀನು ಏನು ಮಾಡಬಲ್ಲೆ, ಏನು ಮಾಡಲಾರೆ’ ಎಂದು ನೋಡುತ್ತಿದ್ದರು. ಮಕ್ಕಳಿಗೆ ಅದೂ ಇರಲಿಲ್ಲ. ಅಲ್ಲಿಯ ಸುಪ್ರೀಂ ಕೋರ್ಟು 1990ರಲ್ಲಿ ಈ ಪದ್ಧತಿ ಕಾನೂನಿಗೆ ವಿರುದ್ಧವೆಂದು ತೀರ್ಪು ಕೊಟ್ಟಿತು. ಮೊದಲು ಇಲ್ಲವೆನಿಸಿಕೊಂಡ ಅನೇಕ ಮಕ್ಕಳ ಅರ್ಜಿಗಳನ್ನು ಆಮೇಲೆ ಹೊಸದಾಗಿ ನೋಡಬೇಕಾಯಿತು. ಒಂದು ಮನೆಯವರು ಬಿಡದೆ ಹಿಡಿದದ್ದರಿಂದ ಸಾವಿರಾರು ಮನೆಗಳಿಗೆ ದಾರಿಯಾಯಿತು.

ಅಷ್ಟು ದೂರದ ಮಾತೇಕೆ ಎನ್ನುವವರು ಕಾಸರಗೋಡನ್ನು ನೋಡಲಿ. ಪೆರ್ಲ, ಬದಿಯಡ್ಕ, ಎಣ್ಮಕಜೆ ಕಡೆಯಿಂದ ಬಂದ ಹುಡುಗರು ಪುಣೆಯ ಹೋಟೆಲುಗಳಲ್ಲಿ ಇದ್ದಾರೆ. ಅವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕೇರಳ ಸರಕಾರದ್ದೇ ಆದ ಪ್ಲಾಂಟೇಶನ್ ಕಾರ್ಪೊರೇಷನ್ ತನ್ನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ವಿಷ ಸುರಿಸಿತು. ತೋಟದ ಕೆಳಗಿನ ತೊರೆಗಳ ನೀರು ಕುಡಿದ ಪಡ್ರೆ, ಸ್ವರ್ಗ, ವಾಣಿನಗರಗಳ ಮನೆಮನೆಯಲ್ಲಿ ಕೈಕಾಲು ಸೊಟ್ಟಾದ, ತಲೆ ಊದಿದ, ಮಾತಿಲ್ಲದ ಮಕ್ಕಳು. ಊರಿನವರೇ ಆದ ಪತ್ರಕರ್ತ ಶ್ರೀ ಪಡ್ರೆಯವರೂ ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ಅವರೂ ಇದರ ಬಗ್ಗೆ ಬರೆದು, ಕೂಗಿ ಹೇಳಿದರು. ಸುಪ್ರೀಂ ಕೋರ್ಟು 2011ರ ಮೇ 13ರಂದು ದೇಶದಲ್ಲೆಲ್ಲ ಆ ವಿಷವನ್ನು ತಡೆಯಿತು. 2017ರ ಜನವರಿ 10ರಂದು, ಪೀಡಿತರೆಲ್ಲರಿಗೂ ಮೂರು ತಿಂಗಳೊಳಗೆ ಐದೈದು ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಹೇಳಿತು.

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆ ಸುಳ್ಳಾಗಲಿಲ್ಲ. ಪೀಡಿತರು ಯಾರೆಂದು ಗೊತ್ತುಮಾಡಲು 2017ರಲ್ಲಿ ವೈದ್ಯಕೀಯ ಶಿಬಿರ ನಡೆಯಿತು. ಮೊದಲು ಪಟ್ಟಿಯಲ್ಲಿ ಬಂದವರು 1905 ಮಂದಿ. ಕೊನೆಗೆ ಉಳಿಸಿದ್ದು 287 ಹೆಸರು. ಉಳಿದವರ ಮಕ್ಕಳು ಒಂದೇ ರಾತ್ರಿಯಲ್ಲಿ ಗುಣವಾದರೇ? ಕೂಗಾಟವಾದ ಮೇಲೆ 76 ಹೆಸರು ಸೇರಿತು. ಆಗ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ರಾಜ್ಯದ ಇನ್ನೊಂದು ತುದಿಯ ತಿರುವನಂತಪುರಕ್ಕೆ ಹೋದರು. ಸೆಕ್ರೆಟೇರಿಯಟ್ಟಿನ ಎದುರು 2019ರ ಜನವರಿ 30ರಂದು ಕುಳಿತರು. ಸಮಾಜಸೇವಕಿ ದಯಾಬಾಯಿ ಅವರ ಜೊತೆ ಉಪವಾಸ ಮಾಡಿದರು. ಐದನೆಯ ದಿನ, ಫೆಬ್ರವರಿ 3ರಂದು, ಸರಕಾರ ಮಾತುಕತೆಗೆ ಬಂದು ಒಪ್ಪಿತು. 1905ರ ಪಟ್ಟಿಯಲ್ಲಿದ್ದು ಬಿಟ್ಟುಹೋದ, 18 ವರ್ಷದೊಳಗಿನ ಮಕ್ಕಳನ್ನು ಸೇರಿಸಬೇಕೆಂದಾಯಿತು. 511 ಮಕ್ಕಳು ಒಳಗೆ ಬಂದರು.

ಆ 511ರಲ್ಲಿ ಪ್ರತಿಯೊಂದು ಮಗುವೂ ಅದಕ್ಕೆ ಮೊದಲು ‘ಅಪಾತ್ರ’ವೇ ಆಗಿತ್ತು. ಶಿಬಿರದ ಮೇಜಿನ ಎದುರು ಒಬ್ಬೊಬ್ಬಳೇ ತಾಯಿ ಹೇಳಿದಾಗ ಕೇಳಿಸದ ಮಾತು, ಐದು ದಿನ ಎಲ್ಲರೂ ಒಟ್ಟಿಗೆ ಕುಳಿತಾಗ ಕೇಳಿಸಿತು. ಎಲ್ಲರಿಗೂ ಸಿಕ್ಕಿತೆಂದಲ್ಲ. ಹೊರಗುಳಿದ 1031 ಮಂದಿಯ ಹೋರಾಟ ಆಮೇಲೂ ನಡೆಯಿತು. ಸುಪ್ರೀಂ ಕೋರ್ಟಿನ ಆಜ್ಞೆ ಬಂದು ಐದು ವರ್ಷ ಕಳೆದರೂ, ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ 8 ಮಂದಿಗೆ ಮಾತ್ರ ಹಣ ಮುಟ್ಟಿತ್ತು. 3704 ಮಂದಿಗೆ ಮುಟ್ಟಬೇಕಾಗಿತ್ತು. ನ್ಯಾಯಾಲಯ 2022ರ ಮೇ ತಿಂಗಳಲ್ಲಿ ಸರಕಾರವನ್ನು ಕಟುವಾಗಿ ಬೈದ ಮೇಲೆಯೇ ಚಕ್ರ ತಿರುಗಿದ್ದು. ಗಡಿಯಾಚೆ ದಕ್ಷಿಣ ಕನ್ನಡದ ಕೊಕ್ಕಡ, ನಿಡ್ಲೆ, ಪಟ್ರಮೆಗಳಲ್ಲೂ ಇದೇ ವಿಷ, ಇದೇ ಗೋಳು. ಅಲ್ಲಿಯವರು ಹೈಕೋರ್ಟಿನವರೆಗೆ ಹೋದ ಮೇಲೆ ಮಾಸಾಶನವೂ ದಿನದ ಆರೈಕೆ ಕೇಂದ್ರವೂ ಬಂದವು. ಬೇರೆಡೆ ಶೇಕಡಾ 40ರ ಗೆರೆಯಿದ್ದರೆ ಅಲ್ಲಿಯ ಎಂಡೋಸಲ್ಫಾನ್ ಪೀಡಿತರಿಗೆ ಶೇಕಡಾ 25 ಇದ್ದರೂ ಮಾಸಾಶನ. ಗೆರೆ ಎಳೆದವರು ಮನುಷ್ಯರು. ಅವರೇ ಅದನ್ನು ಸರಿಸಲೂ ಬಲ್ಲರು.

ಇನ್ನು ನಮ್ಮ ಕೈಯಲ್ಲಿರುವ ಕೆಲಸ. ನಮ್ಮಲ್ಲಿ ಹೆಚ್ಚಿನವರಿಗೆ ಮರಾಠಿ ಆಡಲು ಬರುತ್ತದೆ, ಓದಲು ಬಾರದು. ಆದ್ದರಿಂದ ಕಾಗದ ಬಂದೊಡನೆ ಓದಿಸಿಕೊಳ್ಳಬೇಕು. ‘ತ್ರುಟಿ’ ಎಂದಿದ್ದರೆ ಏನೋ ಕೊರತೆಯಿದೆ, ತುಂಬಿಸಿಕೊಡಿ ಎಂದರ್ಥ. ಅದು ನಿರಾಕರಣೆಯೇ ಅಲ್ಲ. ‘ಪ್ರಲಂಬಿತ’ ಎಂದರೆ ಇನ್ನೂ ತೀರ್ಮಾನವಾಗಿಲ್ಲ. ಈ ಎರಡನ್ನೂ ಇಲ್ಲವೆಂದೇ ತಿಳಿದು ಮನೆಗೆ ಹೋದವರನ್ನು ನಾವು ಕಂಡಿದ್ದೇವೆ. ‘ಅಪಾತ್ರ’ ಎಂದಿದ್ದರೆ ಕಾರಣವೇನೆಂದು ಕೇಳಬೇಕು, ಬಾಯಲ್ಲಿ ಅಲ್ಲ, ಬರವಣಿಗೆಯಲ್ಲಿ. ಕಿಟಕಿಯ ಹಿಂದಿನ ಕಾರಕೂನರು ಬಾಯಲ್ಲಿ ಹೇಳಿದ್ದರ ಮೇಲೆ ಯಾವ ಅಪೀಲೂ ನಿಲ್ಲುವುದಿಲ್ಲ. ಕೊಟ್ಟ ಪ್ರತಿಯೊಂದು ಕಾಗದದ ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಮುದ್ರೆ, ತಾರೀಖು ಹಾಕಿಸಿಕೊಳ್ಳದೆ ಕಿಟಕಿ ಬಿಟ್ಟು ಕದಲಬಾರದು.

ಕಾರಣ ಹೇಳದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಿದೆ. ಹತ್ತು ರೂಪಾಯಿ ಶುಲ್ಕ. ಬಡತನದ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. 30 ದಿನಗಳಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೇಲಿನ ಅಧಿಕಾರಿಗೆ ಅಪೀಲು. ಮಹಾರಾಷ್ಟ್ರದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವನ್ನು 150 ಪದಗಳೊಳಗೆ ಕೇಳಬೇಕು. ಗೋಳು ಬರೆಯಬೇಡಿ, ‘ನನ್ನ ಮಗುವಿನ ಇಂಥ ತಾರೀಖಿನ ಅರ್ಜಿಯ ಮೇಲೆ ಬರೆದ ಟಿಪ್ಪಣಿಯ ಪ್ರತಿ ಕೊಡಿ’ ಎಂದರೆ ಸಾಕು. ಆದಾಯದ ಮತ್ತು ಅಧಿವಾಸದ ದಾಖಲೆಗಳು ಸೇತು ಕೇಂದ್ರದಲ್ಲಿ ತಿಂಗಳುಗಟ್ಟಲೆ ಕೊಳೆಯುವುದಕ್ಕೂ ಮದ್ದಿದೆ. ಮಹಾರಾಷ್ಟ್ರದ 2015ರ ಸೇವಾ ಹಕ್ಕು ಕಾಯಿದೆಯ ಪ್ರಕಾರ ಗೊತ್ತುಪಡಿಸಿದ ದಿನಗಳೊಳಗೆ ಕೊಡಬೇಕು, ಇಲ್ಲವೆಂದರೆ ಕಾರಣವನ್ನು ಬರೆದು ತಿಳಿಸಬೇಕು. ಅದರ ಮೇಲೆ 30 ದಿನಗಳಲ್ಲಿ ಮೊದಲ ಅಪೀಲು ಹಾಕಬಹುದು.

ವೈದ್ಯರು ಬರೆದ ಶೇಕಡಾವಾರು ಕಡಮೆಯಾಯಿತೆಂದು ಅರ್ಜಿ ಬಿದ್ದಿದ್ದರೆ ಅದರ ದಾರಿ ಬೇರೆ. 2016ರ ಕಾಯಿದೆಯ 59ನೆಯ ಕಲಮಿನಂತೆ ಆ ಪ್ರಮಾಣಪತ್ರದ ಮೇಲೆಯೇ ಅಪೀಲು ಉಂಟು. ಹಳೆಯ ಆಸ್ಪತ್ರೆ ಚೀಟಿಗಳನ್ನೆಲ್ಲ ಜೋಡಿಸಿಕೊಂಡು ಹೋಗಿ. ನಮ್ಮವರು ಮಾಡುವ ಒಂದು ಕೆಲಸ ಇಲ್ಲಿ ಮಗುವಿಗೇ ಮುಳ್ಳಾಗುತ್ತದೆ. ವೈದ್ಯರ ಎದುರು ಮಾನಕ್ಕೆ ಅಂಜಿ ‘ಸ್ವಲ್ಪ ಸ್ವಲ್ಪ ನಡೆಯುತ್ತಾನೆ, ತಾನೇ ತಿನ್ನುತ್ತಾನೆ’ ಎನ್ನುತ್ತೇವೆ. ಎಷ್ಟು ಹೊತ್ತಿಗೆ, ಯಾರು ಹಿಡಿದಾಗ, ದಿನಕ್ಕೆ ಎಷ್ಟು ಸಲ ಎಂದು ಇದ್ದದ್ದನ್ನು ಇದ್ದಂತೆ ಹೇಳಬೇಕು. ತಾಯಿಯೇ ಹೇಳಿದರೆ ಇನ್ನೂ ಒಳ್ಳೆಯದು. ಹೋಟೆಲಿನಿಂದ ನಡುರಾತ್ರಿ ಮನೆಗೆ ಬರುವ ತಂದೆಗೆ ಅರ್ಧವೂ ಗೊತ್ತಿರುವುದಿಲ್ಲ. ಊರಿನಲ್ಲಿ ಮಾಡಿಸಿದ ಪ್ರಮಾಣಪತ್ರ ಇಲ್ಲಿ ನಡೆಯುವುದಿಲ್ಲವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ದೇಶದಲ್ಲೆಲ್ಲ ನಡೆಯುತ್ತದೆಂದು 58ನೆಯ ಕಲಮಿನಲ್ಲಿದೆ.

ಎಲ್ಲ ಬಾಗಿಲೂ ಮುಚ್ಚಿದಾಗ ಹೋಗಬೇಕಾದ ಕಡೆಯೊಂದು ನಮ್ಮ ಊರಿನಲ್ಲೇ ಇದೆ. ಮಹಾರಾಷ್ಟ್ರದ ಅಂಗವಿಕಲರ ಆಯುಕ್ತರ ಕಚೇರಿ ಇರುವುದು ಮುಂಬಯಿಯಲ್ಲಲ್ಲ, ಪುಣೆಯ ಕ್ಯಾಂಪ್ ಭಾಗದ ಚರ್ಚ್ ರಸ್ತೆಯಲ್ಲಿ. ನಾಗಪುರದವರು ರಾತ್ರಿಯಿಡೀ ರೈಲಿನಲ್ಲಿ ಕುಳಿತು ಬರುವ ಜಾಗಕ್ಕೆ ನಾವು ಬಸ್ಸಿನಲ್ಲಿ ಹೋಗಬಹುದು. ಹಕ್ಕು ತಪ್ಪಿದ ದೂರನ್ನು ವಿಚಾರಿಸಲು, ಅಧಿಕಾರಿಗಳನ್ನು ಕರೆಸಲು ಆಯುಕ್ತರಿಗೆ ಸಿವಿಲ್ ಕೋರ್ಟಿನಂಥ ಅಧಿಕಾರವಿದೆ. ಅವರು ಶಿಫಾರಸು ಮಾಡಿದರೆ ಆ ಕಚೇರಿ ಏನು ಮಾಡಿತೆಂದು ಮೂರು ತಿಂಗಳೊಳಗೆ ತಿಳಿಸಬೇಕು.

ಅದೇ ಕಾಯಿದೆಯ 38ನೆಯ ಕಲಮನ್ನು ನಮ್ಮ ಸಂಘದ ಪದಾಧಿಕಾರಿಗಳು ಎರಡು ಸಲ ಓದಬೇಕು. ಹೆಚ್ಚಿನ ಆಸರೆ ಬೇಕೆಂದು ಶೇಕಡಾ 40ಕ್ಕೆ ಕಡಮೆಯಿಲ್ಲದ ಊನವಿರುವ ವ್ಯಕ್ತಿ ತಾನೇ ಅರ್ಜಿ ಹಾಕಬಹುದು. ಅವರ ಪರವಾಗಿ ಬೇರೊಬ್ಬರು, ಅಥವಾ ಒಂದು ಸಂಸ್ಥೆಯೂ ಹಾಕಬಹುದು ಎಂದು ಅಲ್ಲಿದೆ. ಅಂದರೆ ಸಂಘವೇ ಅರ್ಜಿದಾರನಾಗಬಹುದು. ಪಗಾರದ ಜಗಳಕ್ಕೆ, ಬೋನಸ್ಸಿಗೆ, ಗಿರಣಿಯ ಬಾಕಿಗೆ ಸಂಘವಾಗಿ ನಿಂತ ನಾವು ಮಗುವಿನ ವಿಷಯ ಬಂದಾಗ ಮಾತ್ರ ಅದು ಅವರವರ ಮನೆಯ ಕಷ್ಟವೆಂದು ಬಿಟ್ಟಿದ್ದೇವೆ. ಒಬ್ಬ ಮಾಣಿ ಒಂದು ದಿನದ ಪಗಾರ ಕಳೆದುಕೊಂಡು ಕಚೇರಿಗೆ ಹೋಗಿ, ಸಾಹೇಬರು ಇಲ್ಲವೆಂದು ಹಿಂದಿರುಗಿ, ಮತ್ತೆ ಒಂದು ದಿನ ಕಳೆದುಕೊಳ್ಳುವ ಬದಲು, ಹತ್ತು ಮನೆಗಳ ಕಾಗದ ಹಿಡಿದು ಸಂಘದ ಒಬ್ಬನೇ ಹೋಗಬಹುದು. 50,000ದ ಮಿತಿ ಏರಿಸಬೇಕು, ಅದನ್ನು ಕನಿಷ್ಠ ವೇತನದೊಡನೆ ಜೋಡಿಸಬೇಕು, ಕಾಯಿದೆ ಹೇಳಿದ ಆರೈಕೆಗಾರರ ಭತ್ಯೆಯನ್ನು ಬೇರೆಯಾಗಿ ಕೊಡಬೇಕು ಎಂಬ ಮನವಿಯನ್ನು ಪುಣೆಯ ಶಾಸಕರೆಲ್ಲರಿಗೂ ಕೊಡಬೇಕು. ಮರಾಠಿ ಕಾರ್ಮಿಕ ಸಂಘಗಳನ್ನೂ ಕರೆಯಬೇಕು. 15 ವರ್ಷದ ತೊಡಕು ನಮ್ಮದಿರಬಹುದು, ಆದಾಯದ ಗೋಡೆ ಅವರ ಮಕ್ಕಳಿಗೂ ಅಡ್ಡವಾಗಿದೆ.

ಈ ಪತ್ರಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಮನೆಯಲ್ಲಿ ಅಂಥ ಕಾಗದವಿದ್ದರೆ ಹುಡುಕಿಡಿ. ಮಧ್ಯಾಹ್ನ ಮೂರರಿಂದ ಐದರ ಬಿಡುವಿನಲ್ಲಿ ಸಂಘದ ಕಚೇರಿಗೆ ತನ್ನಿ, ಹಳೆಯದಾಗಿದ್ದರೂ ತನ್ನಿ. ಊರಿನಲ್ಲಿದ್ದರೆ ಮನೆಯವರಿಂದ ಅದರ ಫೋಟೋ ತರಿಸಿಕೊಳ್ಳಿ. ಅಂಚೆಯಲ್ಲಿ ಬಂದದ್ದಾದರೆ ಲಕೋಟೆಯನ್ನು ಎಸೆಯಬೇಡಿ. ಅಪೀಲಿನ ದಿನ ಎಣಿಸುವಾಗ ಅದರ ಮೇಲಿನ ಮುದ್ರೆಯ ತಾರೀಖು ಬೇಕಾಗುತ್ತದೆ.